ಸಿಹಿ ಇಳಿಸುವ ಕೈ

ಭರಮಸಾಗರದ ಹೆದ್ದಾರಿ ಬದಿಯ ಬಾರಿನಲ್ಲಿ ಜಿನ್ ಕೇಳುವವರೇ ಕಡಿಮೆ. ಕೇಳಿದರೂ ಜೊತೆಗೆ ಬರುವುದು ಸ್ಪ್ರೈಟು, ಎರಡು ಹೋಳು ನಿಂಬೆಹಣ್ಣು, ಒಂದು ತಟ್ಟೆ ಖಾರದ ಕಡ್ಲೆಬೀಜ. ಅದೇ ಊರಿನ ಹುಡುಗ ಬೆಂಗಳೂರಿನ ಕಂಪನಿ ಸೇರಿ, ಮೊದಲ ಸಲ ಇಂದಿರಾನಗರದಲ್ಲಿ ಬಿಜು ಎಂಬ ಕಾಕ್‌ಟೇಲ್ ಗುಟುಕರಿಸಿದಾಗ ಹೇಳುವ ಮಾತು ಒಂದೇ: "ಏನಲೇ ಇದು, ಕೆಮ್ಮಿನ ಔಷಧಿ ಇದ್ದಂಗೈತೆ!"

ಮಾತಿನಲ್ಲಿ ಅರ್ಧ ಚರಿತ್ರೆ ಇದೆ. ಫ್ರಾನ್ಸಿನ ಪ್ಯಾರಿಸ್ ಬಳಿಯ ಮಠದ ಸನ್ಯಾಸಿಗಳಿಗೆ 1605ರಲ್ಲಿ ಸಿಕ್ಕಿದ ಹಸ್ತಪ್ರತಿಯೊಂದರಿಂದ ಬೆಳೆದು ಬಂದ ಶಾರ್ಟ್ರೂಸ್ ಎಂಬ ಲಿಕ್ಯೂರ್, ಅಂದರೆ ಸಿಹಿ ಮದ್ಯ, ಮೊದಲು ಔಷಧಿಯೇ ಆಗಿತ್ತು. 130 ಗಿಡಮೂಲಿಕೆಗಳು, ಹಸಿರು ಬಣ್ಣ, ಶೇ 55ರಷ್ಟು ಆಲ್ಕೋಹಾಲ್. ಮೇಲೆ ಲೀಟರಿಗೆ ಸುಮಾರು 250 ಗ್ರಾಂ ಸಕ್ಕರೆ. ಇಟಲಿಯ ಕೆಂಪು ವರ್ಮುತ್ ಕೂಡ ಇದೇ ಜಾತಿಯದು: ಮೂಲಿಕೆ ಹಾಕಿ ಗಟ್ಟಿಗೊಳಿಸಿದ ವೈನ್. ಯುರೋಪಿನ ನಿಯಮದ ಪ್ರಕಾರ 'ಸಿಹಿ' ಎಂದು ಚೀಟಿ ಅಂಟಿಸಬೇಕಾದರೆ ಲೀಟರಿಗೆ ಕನಿಷ್ಠ 130 ಗ್ರಾಂ ಸಕ್ಕರೆ ಇರಲೇಬೇಕು.

ಈ ಎರಡಕ್ಕೂ ಜಿನ್ ಸೇರಿಸಿದರೆ ಬಿಜು. ಅಮೆರಿಕದ ಹ್ಯಾರಿ ಜಾನ್ಸನ್ ತನ್ನ ಬಾರ್ ಕೈಪಿಡಿಯ 1900ರ ಆವೃತ್ತಿಯಲ್ಲಿ ಮೂರನ್ನೂ ಸಮಪಾಲಾಗಿ ಹಾಕಿ, ಕಿತ್ತಳೆಯ ಬಿಟರ್ಸ್ ಚಿಮುಕಿಸಲು ಹೇಳಿದ್ದಾನೆ. ನಮ್ಮ ಬಾರಿನ ಭಾಷೆಯಲ್ಲಿ ಮೂರರದ್ದೂ ಒಂದೊಂದು ಸ್ಮಾಲ್, ಅಂದರೆ 30 ಮಿ.ಲೀ. ಶಾರ್ಟ್ರೂಸ್‌ನಿಂದ ಏಳೂವರೆ ಗ್ರಾಂ, ವರ್ಮುತ್‌ನಿಂದ ನಾಲ್ಕು ಗ್ರಾಂ ಸಕ್ಕರೆ. ಪುಟ್ಟ ಗ್ಲಾಸಿನೊಳಗೆ ಹತ್ತಿರ ಹತ್ತಿರ ಮೂರು ಚಮಚ! ನೆಗ್ರೋನಿ ಎಂಬ ಕಾಕ್‌ಟೇಲ್‌ನಲ್ಲೂ ಸಕ್ಕರೆ ಹೆಚ್ಚುಕಡಿಮೆ ಇಷ್ಟೇ. ಆದರೆ ಅಲ್ಲಿ ಕಾಂಪಾರಿ ಎಂಬ ಲಿಕ್ಯೂರ್‌ನ ಕಹಿ ಅದನ್ನು ಮುಚ್ಚಿಡುತ್ತದೆ. ಬಿಜುವಿಗೆ ಆ ಮರೆ ಇಲ್ಲ.

ಸಿಹಿ ಜಾಸ್ತಿಯಾಯಿತು ಎಂದರೆ ನಮ್ಮ ಕಡೆಯವರ ಕೈ ಮೊದಲು ಹೋಗುವುದು ನಿಂಬೆಹಣ್ಣಿಗೆ. ಪಾನಕದಲ್ಲಿ ನಡೆಯುವ ಉಪಾಯ ಇಲ್ಲಿ ನಡೆಯುವುದಿಲ್ಲ. ಹುಳಿ ಬಿದ್ದ ಕೂಡಲೇ ವರ್ಮುತ್‌ನ ಮೆಲುದನಿ ಅಡಗಿ, ಅದು ಬೇರೆಯೇ ಪಾನೀಯವಾಗುತ್ತದೆ. ಹುಳಿ ಬೇಕೆಂದೇ ಕಟ್ಟಿದ ಕಾಕ್‌ಟೇಲ್ ಬೇರೆ ಇದೆ: 1916ರಲ್ಲಿ ಡೆಟ್ರಾಯಿಟ್ ಅಥ್ಲೆಟಿಕ್ ಕ್ಲಬ್ಬಿನ ಪಟ್ಟಿಯಲ್ಲಿದ್ದ ಲಾಸ್ಟ್ ವರ್ಡ್. ಅದರಲ್ಲಿ ವರ್ಮುತ್ ಇಲ್ಲ. ಜಿನ್, ಹಸಿರು ಶಾರ್ಟ್ರೂಸ್, ಚೆರಿಯ ಲಿಕ್ಯೂರ್, ನಿಂಬೆರಸ ಸಮಪಾಲು. ಬಿಜುವಿಗೆ ನಿಂಬೆಯ ಸಿಪ್ಪೆ ಸಾಕು. ಗ್ಲಾಸಿನ ಮೇಲೆ ಹಿಡಿದು ಹಿಂಡಿದರೆ ಎಣ್ಣೆಯ ಸಣ್ಣ ತುಂತುರು ಮೇಲೆ ಹರಡಿ, ಸಿಹಿಗಿಂತ ಮೊದಲು ಮೂಗನ್ನು ಮುಟ್ಟುತ್ತದೆ.

ನಿಜವಾದ ಮದ್ದು ಅಳತೆಯಲ್ಲಿದೆ. ಈಗಿನ ಬಾರುಗಳಲ್ಲಿ ಜಿನ್ ಮೂರು ಪಾಲು, ಉಳಿದೆರಡು ಒಂದೊಂದು ಪಾಲು ಹಾಕುವುದುಂಟು. 45, 15, 15 ಎಂದು ಹಿಡಿದರೆ ಸಕ್ಕರೆ ಅರ್ಧಕ್ಕೆ ಇಳಿಯುತ್ತದೆ. ನನ್ನ ಕೇಳಿದರೆ ಅಷ್ಟು ದೂರ ಹೋಗುವುದೂ ಬೇಡ. ಜಿನ್ ಎರಡು ಪಾಲಾದರೆ ಶಾರ್ಟ್ರೂಸ್‌ನ ಘಮ ಉಳಿಯುತ್ತದೆ. ಆಮೇಲೂ ಸಿಹಿ ಅನ್ನಿಸಿದರೆ ವರ್ಮುತ್‌ನಲ್ಲಿ ಅರ್ಧ ತೆಗೆದು ಡ್ರೈ ವರ್ಮುತ್ ಹಾಕಬಹುದು. ಅದರಲ್ಲಿ ಸಕ್ಕರೆ ಲೀಟರಿಗೆ 50 ಗ್ರಾಂಗಿಂತ ಕಡಿಮೆ. ದುಬಾರಿ ಶಾರ್ಟ್ರೂಸ್‌ಗೆ ಕತ್ತರಿ ಹಾಕುವುದು ಕೊನೆಯ ದಾರಿ.

ಐಸಿನ ಪಾತ್ರ ಯಾರೂ ಲೆಕ್ಕಕ್ಕಿಡದ ದೊಡ್ಡ ಪಾತ್ರ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. 90 ಮಿ.ಲೀ. ಮಿಶ್ರಣವನ್ನು ಗಟ್ಟಿ ಐಸಿನ ಜೊತೆ ಅರ್ಧ ನಿಮಿಷ ಕಲಕಿದರೆ ಸುಮಾರು 40 ಮಿ.ಲೀ. ನೀರು ಸೇರುತ್ತದೆ. ಅದು ದೋಷವಲ್ಲ, ಅದೂ ಒಂದು ಸಾಮಗ್ರಿಯೇ. ಆದರೆ ಬಕೆಟ್ಟಿನಲ್ಲಿ ಅರೆಕರಗಿ ಕೂತ ಐಸ್ ಹಾಕಿದರೆ ತಂಪಾಗುವುದಕ್ಕೆ ಮೊದಲೇ ನೀರಾಗುತ್ತದೆ. ಗ್ಲಾಸೂ ಫ್ರಿಜ್ಜಿನಿಂದ ಬರಲಿ, ಚಿಕ್ಕದಾಗಿರಲಿ. ಹರಟೆ ಹೊಡೆಯುತ್ತ ಅರ್ಧ ಗಂಟೆ ಬಿಟ್ಟರೆ ಬಿಜು ಬೆಚ್ಚಗಾಗಿ ಪಾಕದಂತೆ ಕಾಣತೊಡಗುತ್ತದೆ.

ವರ್ಮುತ್ ಬಾಟಲಿಯನ್ನು ವಿಸ್ಕಿಯ ಪಕ್ಕ ವರ್ಷಗಟ್ಟಲೆ ಸಾಲಿನಲ್ಲಿಡುವುದು ನಮ್ಮ ಬಾರುಗಳ ಹಳೆಯ ಚಾಳಿ. ಅದು ವೈನ್, ಮುಚ್ಚಳ ತೆಗೆದ ಮೇಲೆ ಹಳಸುತ್ತದೆ. ಫ್ರಿಜ್ಜಿನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಘಮ ಹೋಗಿ ಸಕ್ಕರೆ ಮಾತ್ರ ಉಳಿದ ವರ್ಮುತ್‌ಗೆ ಯಾವ ಅಳತೆಯೂ ನಾಟುವುದಿಲ್ಲ.

ಜಿನ್‌ಗೆ ದೂರ ಹೋಗಬೇಕಿಲ್ಲ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮೃತ್ ಡಿಸ್ಟಿಲರಿಯೇ ನೀಲಗಿರೀಸ್ ಹೆಸರಿನಲ್ಲಿ ಡ್ರೈ ಜಿನ್ ಮಾಡುತ್ತದೆ. ಕಷ್ಟ ಇರುವುದು ಶಾರ್ಟ್ರೂಸ್‌ನದು. ಪ್ರಾರ್ಥನೆಗೆ ಸಮಯ ಬೇಕು, ಪರಿಸರದ ಮೇಲೆ ಹೊರೆ ಬೇಡ ಎಂದು ಸನ್ಯಾಸಿಗಳು ಉತ್ಪಾದನೆ ಹೆಚ್ಚಿಸುವುದಿಲ್ಲವೆಂದು 2023ರಲ್ಲಿ ತಿಳಿಸಿದರು. ಹಾಗಾಗಿ ಬೇರೆ ಮೂಲಿಕೆ ಲಿಕ್ಯೂರ್ ಹಾಕುವವರಿದ್ದಾರೆ. ಹಾಕಲಿ, ಆದರೆ ಮೊದಲು ಅರ್ಧ ಅಳತೆ ಹಾಕಿ ರುಚಿ ನೋಡಲಿ. ಶೇ 55ರ ಖಾರ ಇಲ್ಲದ ಲಿಕ್ಯೂರ್‌ನಲ್ಲಿ ಅಷ್ಟೇ ಸಕ್ಕರೆ ಇದ್ದರೂ ನಾಲಿಗೆಗೆ ಅದು ಹೆಚ್ಚೇ ತಟ್ಟುತ್ತದೆ.