ಓಟಕ್ಕೆ ಬಿದ್ದ ಹೃದಯವನ್ನು ನಿಲ್ಲಿಸಿ ನಡೆಸುವುದು

ಓದುಗರೊಬ್ಬರು ಕೇಳಿದ್ದಾರೆ: ಸುಮ್ಮನೆ ಕೂತಿದ್ದಾಗಲೇ ಎದೆಬಡಿತ ನಿಮಿಷಕ್ಕೆ 180 ದಾಟುತ್ತದೆ, ಸ್ವಲ್ಪ ಹೊತ್ತಿಗೆ ತಟ್ಟನೆ ಇಳಿಯುತ್ತದೆ. ಉಸಿರು ಕಟ್ಟಿ ಮುಕ್ಕಿದರೆ ನಿಲ್ಲುತ್ತದಂತೆ, ಹೌದೇ?

ಜ್ವರ, ರಕ್ತಹೀನತೆ, ಥೈರಾಯ್ಡ್ ತೊಂದರೆಗಳಿಂದ ಬಡಿತ ಏರಿದ್ದರೆ ಮುಕ್ಕಿ ಪ್ರಯೋಜನವಿಲ್ಲ, ಮೂಲ ಕಾಯಿಲೆಗೇ ಮದ್ದು ಬೇಕು. ಆದರೆ ಹೀಗೆ ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುವುದು ಹೆಚ್ಚಾಗಿ ಹೃದಯದ ಮೇಲ್ಭಾಗದಲ್ಲಿ ಹುಟ್ಟುವ ಅತಿವೇಗದ ಬಡಿತ, ಅಂದರೆ ಎಸ್‌ವಿಟಿ. ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ವಿದ್ಯುತ್ ಸಂಕೇತ ದಾಟುವುದು ಎವಿ ನೋಡ್ ಎಂಬ ಪುಟ್ಟ ಗಂಟಿನ ಮೂಲಕ. ಜಪಾನಿನ ಸುನಾವೊ ತವಾರ ಜರ್ಮನಿಯಲ್ಲಿ ಕೆಲಸ ಮಾಡುತ್ತಾ 1906ರಲ್ಲಿ ಅದನ್ನು ವಿವರಿಸಿದರು. ಕೆಲವರಿಗೆ ಅಲ್ಲೊಂದು ದಾರಿ ಹೆಚ್ಚಿರುತ್ತದೆ. ಒಂದರಲ್ಲಿ ಇಳಿದ ಸಂಕೇತ ಇನ್ನೊಂದರಲ್ಲಿ ಹತ್ತಿ, ಗಾಣದ ಎತ್ತಿನಂತೆ ಸುತ್ತತೊಡಗುತ್ತದೆ. ಪ್ರತಿ ಸುತ್ತಿಗೂ ಒಂದು ಬಡಿತ. ಎತ್ತನ್ನು ಸುತ್ತಿನ ಯಾವುದೋ ಒಂದೆಡೆ ತಡೆದರೂ ಸಾಕು, ಗಾಣವೇ ನಿಲ್ಲುತ್ತದೆ.

ಆ ತಡೆಯನ್ನು ವೇಗಸ್ ನರ ಒಡ್ಡಬಲ್ಲದು. ಮುಕ್ಕಿ ಬಿಟ್ಟೊಡನೆ ರಕ್ತದೊತ್ತಡ ಏರುತ್ತದೆ, ಅದನ್ನು ತಗ್ಗಿಸಲು ವೇಗಸ್ ಎವಿ ನೋಡನ್ನು ನಿಧಾನಿಸುತ್ತದೆ. ಈ ಉಪಾಯಕ್ಕೆ ವಾಲ್ಸಾಲ್ವಾ ಎಂದು ಹೆಸರು. ಇಟಲಿಯ ಆಂಟೋನಿಯೋ ವಾಲ್ಸಾಲ್ವಾ 1704ರ ತಮ್ಮ ಗ್ರಂಥದಲ್ಲಿ ಅದನ್ನು ಹೇಳಿದ್ದು ಕಿವಿಯ ಕೀವು ಹೊರದಬ್ಬಲಿಕ್ಕೆ!

ನನಗೆ ಬಹಳ ಮೆಚ್ಚಿಗೆಯಾದದ್ದು 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಇಂಗ್ಲೆಂಡಿನ ಪ್ರಯೋಗ. ರೋಗಿ ಒರಗಿ ಕೂತು 15 ಸೆಕೆಂಡು ಬಲವಾಗಿ ಊದಬೇಕು; ಮುಗಿದೊಡನೆ ಅವರನ್ನು ಅಂಗಾತ ಮಲಗಿಸಿ, ಎರಡೂ ಕಾಲುಗಳನ್ನು 15 ಸೆಕೆಂಡು ಎತ್ತಿ ಹಿಡಿಯಬೇಕು. ಕಾಲಿನ ರಕ್ತ ಎದೆಗೆ ನುಗ್ಗಿ ವೇಗಸ್‌ನ ಪ್ರತಿಕ್ರಿಯೆ ಬಲಗೊಳ್ಳುತ್ತದೆ. ಬರೀ ಮುಕ್ಕಿದವರಲ್ಲಿ ಲಯ ಮರಳಿದ್ದು ಶೇ. 17 ಮಂದಿಗೆ, ಕಾಲೆತ್ತಿದವರಲ್ಲಿ ಶೇ. 43 ಮಂದಿಗೆ. ಖರ್ಚಿಲ್ಲದ, ಸೂಜಿಯಿಲ್ಲದ ಈ ವಿಧಾನವನ್ನು ಎಸ್‌ವಿಟಿ ಖಚಿತವಾದ ಪ್ರತಿಯೊಬ್ಬರಿಗೂ ವೈದ್ಯರು ಎದುರಿಗೇ ಮಾಡಿಸಿ ಕಲಿಸಬೇಕು. ನಿಲ್ಲದಿದ್ದರೆ ಆಸ್ಪತ್ರೆಯಲ್ಲಿ ಅಡೆನೋಸಿನ್ ಚುಚ್ಚುತ್ತಾರೆ. ಎದೆಯೇ ನಿಂತಂತಾಗಿ ರೋಗಿ ಕಂಗಾಲಾಗುವುದುಂಟು, ಆದರೆ ಔಷಧ ಕೆಲವೇ ಸೆಕೆಂಡುಗಳಲ್ಲಿ ರಕ್ತದಿಂದ ಮಾಯವಾಗುತ್ತದೆ. ಪದೇಪದೇ ಕಾಡುವವರಿಗೆ ತೊಡೆಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಆ ಹೆಚ್ಚುವರಿ ದಾರಿಯನ್ನೇ ಸುಟ್ಟುಬಿಡುವ ಅಬ್ಲೇಷನ್ ಇದೆ.

ಪ್ರಶ್ನೆ ಕೇಳಿದವರಿಗೆ ನನ್ನ ಒತ್ತಾಯ ಒಂದೇ: ಬಡಿತ ಏರಿರುವಾಗಲೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ತೆಗೆಸಿ. ಇಳಿದ ಮೇಲೆ ತೆಗೆದದ್ದು ಎಷ್ಟೋ ಸಲ ಸರಿಯಾಗಿಯೇ ಕಾಣುತ್ತದೆ. ಎದೆನೋವು, ಉಬ್ಬಸ, ಕಣ್ಣು ಕತ್ತಲೆ ಬರುವುದು ಇದ್ದರೆ ಮುಕ್ಕುತ್ತಾ ಕೂರದೆ 108ಕ್ಕೆ ಕರೆ ಮಾಡಿ.