ಮನೆಯೇ ಕಚೇರಿಯಾದಾಗ

ಗಣಿಯ ಕೆಲಸ ಅಪಾಯಕರವಾದುದೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಬಂಡೆ ಸಿಡಿದು ಸತ್ತವರ ಕಥೆಯನ್ನೂ, ಕಲ್ಲುಪುಡಿ ಎದೆಗೂಡನ್ನು ಸೇರಿ ಕೆಮ್ಮಿ ಕೆಮ್ಮಿ ಬಳಲಿದವರ ಕಥೆಯನ್ನೂ ನಮ್ಮ ನಾಡು ಕೇಳಿದೆ. ಆದರೆ ಮೇಜಿನ ಮುಂದೆ ಕುಳಿತು ಬರೆಯುವವನಿಗೆ, ಕಂಪ್ಯೂಟರಿನ ಕೀಲಿಗಳನ್ನು ಒತ್ತುವವನಿಗೆ ಏನು ಅಪಾಯ? ‘ನೆರಳಿನ ಕೆಲಸ’ ಎಂದು ನಾವು ಅದನ್ನು ಕರೆಯುವುದುಂಟು. ನೆರಳಿನಲ್ಲಿಯೂ ಅಪಾಯವಿದೆಯೆಂಬುದನ್ನು 300 ವರ್ಷಗಳಿಗೂ ಹಿಂದೆ ಕಂಡುಕೊಂಡವನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜ್ಜಿನಿ. ಕಸುಬುದಾರರ ಕಾಯಿಲೆಗಳನ್ನು ಕುರಿತು 1700ರಲ್ಲಿ ಅವನು ಪ್ರಕಟಿಸಿದ ಗ್ರಂಥದ 1713ರ ಆವೃತ್ತಿಯಲ್ಲಿ ಲಿಪಿಕಾರರ ವಿಷಯವೂ ಬರುತ್ತದೆ. ಸದಾ ಕುಳಿತಿರುವುದು, ಕೈಯನ್ನು ಒಂದೇ ಬಗೆಯಲ್ಲಿ ಬಿಡುವಿಲ್ಲದೆ ಆಡಿಸುವುದು, ತಪ್ಪು ಬಾರದಂತೆ ಮನಸ್ಸನ್ನು ಬಿಗಿಹಿಡಿಯುವುದು, ಈ ಮೂರೇ ಅವರ ಕಾಯಿಲೆಗಳಿಗೆ ಕಾರಣವೆಂದು ಅವನು ಬಗೆದನು. ಲೇಖನಿ ಹೋಗಿ ಗಣಕಯಂತ್ರ ಬಂದರೂ ಆ ಮೂರು ಕಾರಣಗಳು ಹಾಗೆಯೇ ಉಳಿದಿವೆ.

ಬೆಂಗಳೂರಿನ ದಕ್ಷಿಣ ಭಾಗವನ್ನು ನೋಡೋಣ. ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆಯಾದಾಗ ಅದು ವಾಸಕ್ಕೆಂದೇ ಯೋಜಿಸಿದ ಬಡಾವಣೆ. ಬನಶಂಕರಿ, ಜೆ. ಪಿ. ನಗರ, ಬೈರಸಂದ್ರ-ತಾವರೆಕೆರೆ-ಮಡಿವಾಳಗಳ ಮೊದಲಕ್ಷರಗಳಿಂದ ಹೆಸರಾದ ಬಿ. ಟಿ. ಎಂ. ಬಡಾವಣೆ, ಇವೆಲ್ಲ ಅದರ ಅನಂತರ ಬೆಳೆದವು. ಇಂದು ಇಲ್ಲಿನ ಅನೇಕ ಮನೆಗಳ ಮಹಡಿಗಳಲ್ಲಿ ನಾಲ್ಕಾರು ಮಂದಿಯ ಸಣ್ಣ ಕಚೇರಿಗಳಿವೆ. 2020ರ ಮಾರ್ಚಿಯಲ್ಲಿ ಕೊರೋನಾ ದಿಗ್ಬಂಧನ ಬಂದ ಮೇಲಂತೂ ಊಟದ ಮೇಜೂ ಮಲಗುವ ಕೋಣೆಯೂ ಕಚೇರಿಗಳಾದವು. ಹಲವರಿಗೆ ಆ ರೂಢಿ ಈಗಲೂ ಉಳಿದಿದೆ. ವಾಸಕ್ಕೆಂದು ಕಟ್ಟಿದ ಮನೆ ದುಡಿಮೆಯ ಸ್ಥಳವಾದಾಗ ಗಾಳಿ, ವಿದ್ಯುತ್ತು, ಬೆಂಕಿ ಇವುಗಳ ಲೆಕ್ಕವೆಲ್ಲ ಬದಲಾಗುತ್ತದೆ. ಆ ಲೆಕ್ಕವನ್ನು ಒಮ್ಮೆ ಮಾಡಿ ನೋಡುವುದೇ ಈ ಲೇಖನದ ಉದ್ದೇಶ.

ಮುಚ್ಚಿದ ಕೋಣೆಯ ಗಾಳಿ

ಹೊರಗಿನ ಗಾಳಿಯ 10 ಲಕ್ಷ ಭಾಗಗಳಲ್ಲಿ ಸುಮಾರು 420 ಭಾಗ ಇಂಗಾಲದ ಡೈಆಕ್ಸೈಡು ಇರುತ್ತದೆ. ನಾವು ಬಿಡುವ ಉಸಿರಿನಲ್ಲಿಯಾದರೋ ಅದು ಸುಮಾರು 40,000 ಭಾಗ. ಕುಳಿತು ಕೆಲಸ ಮಾಡುವ ಒಬ್ಬ ವಯಸ್ಕನು ಗಂಟೆಗೆ ಸುಮಾರು 18 ಲೀಟರಿನಷ್ಟು ಈ ಅನಿಲವನ್ನು ಹೊರಗೆ ಬಿಡುತ್ತಾನೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯೊಂದರಲ್ಲಿ ಸುಮಾರು 34,000 ಲೀಟರು ಗಾಳಿ ಹಿಡಿಯುತ್ತದೆ. ಅಲ್ಲಿ ನಾಲ್ವರು ಕುಳಿತು ಬಾಗಿಲು ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿಕೊಂಡರೆನ್ನಿ. ಗಂಟೆಗೆ 72 ಲೀಟರು ಇಂಗಾಲದ ಡೈಆಕ್ಸೈಡು ಸೇರುವುದರಿಂದ ಅದರ ಪ್ರಮಾಣ 10 ಲಕ್ಷಕ್ಕೆ 2,100 ಭಾಗದಷ್ಟು ಏರುತ್ತದೆ.

ಮ್ಯೂನಿಕ್ ನಗರದ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರನು 1858ರಲ್ಲಿಯೇ, ವಾಸದ ಕೋಣೆಯಲ್ಲಿ ಈ ಅನಿಲ 10 ಲಕ್ಷಕ್ಕೆ 1,000 ಭಾಗವನ್ನು ಮೀರಬಾರದೆಂದು ಹೇಳಿದ್ದನು. ನಮ್ಮ ಕೋಣೆ ಆ ಗೆರೆಯನ್ನು ಹದಿನಾರು ಹದಿನೇಳು ನಿಮಿಷಗಳಲ್ಲಿ ದಾಟಿಬಿಡುತ್ತದೆ! ಬಾಗಿಲಿನ ಸಂದುಗಳಿಂದ ಅಷ್ಟಿಷ್ಟು ಗಾಳಿ ಬರುವುದರಿಂದ ನಿಜವಾದ ಕೋಣೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು. ಇಷ್ಟು ಪ್ರಮಾಣದ ಅನಿಲ ವಿಷವೇನೂ ಅಲ್ಲ. ಆದರೆ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಿದ್ದಾರೆಂಬುದಕ್ಕೆ ಅದು ಸೂಚಕ. ಉಸಿರಿನೊಡನೆ ನೆಗಡಿ, ಕೊರೋನಾ ಮೊದಲಾದ ರೋಗಾಣುಗಳೂ ಬರುತ್ತವೆ. ಮಧ್ಯಾಹ್ನದ ತೂಕಡಿಕೆಗೂ ತಲೆನೋವಿಗೂ ಊಟವನ್ನಷ್ಟೇ ದೂರುವುದು ನ್ಯಾಯವಲ್ಲ. ಗೋಡೆಗೆ ತೂಗುಹಾಕುವ ಸಾಮಾನ್ಯ ಏರ್ ಕಂಡೀಷನರು ಹೊರಗಿನ ಗಾಳಿಯನ್ನು ಒಳಕ್ಕೆ ತರುವುದಿಲ್ಲ. ಒಳಗಿನ ಗಾಳಿಯನ್ನೇ ತಂಪುಮಾಡಿ ತಿರುಗಿಸುತ್ತದೆ. ಬೆಂಗಳೂರಿನ ಹವೆಯಲ್ಲಿ ಎದುರುಬದುರಿನ ಎರಡು ಕಿಟಕಿಗಳನ್ನು ತೆರೆದಿಡುವುದಕ್ಕಿಂತ ಅಗ್ಗವಾದ ಔಷಧ ಬೇರೊಂದಿಲ್ಲ.

ತಂತಿಯ ಶಾಖ

ಹಳೆಯ ಮನೆಗಳ ತಂತಿಯ ಜೋಡಣೆ ನಾಲ್ಕು ದೀಪ, ಎರಡು ಫ್ಯಾನುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ನಮ್ಮಲ್ಲಿ ವಿದ್ಯುತ್ತಿನ ಒತ್ತಡ 230 ವೋಲ್ಟು. 6 ಆಂಪೇರಿನ ಸಣ್ಣ ಪ್ಲಗ್ಗು ತಾಳಬಲ್ಲ ಭಾರ 230ನ್ನು 6ರಿಂದ ಗುಣಿಸಿದಷ್ಟು, ಎಂದರೆ 1,380 ವಾಟು. ನಾಲ್ಕು ಲ್ಯಾಪ್‌ಟಾಪುಗಳಿಗೆ ಒಟ್ಟು 300 ವಾಟು ಸಾಕು. ಆದರೆ ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕಾಫಿಗೆಂದು 1,500 ವಾಟಿನ ಕೆಟಲನ್ನು ಸಿಕ್ಕಿಸಿದೊಡನೆ ಮಿತಿ ಮೀರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ಅನುಗುಣವಾದುದೆಂದು ನಮ್ಮ ವಿದ್ಯಾರ್ಥಿಗಳು ಓದಿರುವರಷ್ಟೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ಸಡಿಲವಾದ ಪ್ಲಗ್ಗಿನ ಸಂಪರ್ಕದಲ್ಲಿ ವಿದ್ಯುನ್ನಿರೋಧ ಹೆಚ್ಚಿರುವುದರಿಂದ ಅಲ್ಲಿ ಶಾಖ ಇನ್ನೂ ಹೆಚ್ಚು. ಪ್ರವಾಹ ಮಿತಿ ಮೀರಿದರೆ ಎಂ. ಸಿ. ಬಿ. ಸ್ವಿಚ್ಚು ತಾನಾಗಿ ಕೆಡೆಯುತ್ತದೆ. ಆದರೆ ಸಡಿಲ ಸಂಪರ್ಕವೊಂದು ಕಾಯುತ್ತಿರುವುದು ಅದಕ್ಕೆ ತಿಳಿಯದು. ಕರಿಕಾದ ಪ್ಲಗ್ಗು, ಸುಟ್ಟ ವಾಸನೆ ಇವು ನಮಗೆ ಸಿಗುವ ಮೊದಲ ಎಚ್ಚರಿಕೆ.

ಕರೆಂಟು ಹೋದಾಗ ನೆರವಾಗುವ ಯು. ಪಿ. ಎಸ್. ಬ್ಯಾಟರಿಯನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿಡುವುದು ನಮ್ಮ ರೂಢಿ. ಸೀಸ ಮತ್ತು ಗಂಧಕಾಮ್ಲಗಳ ಈ ಬ್ಯಾಟರಿ ಪೂರ್ತಿ ತುಂಬಿದ ಮೇಲೂ ಪ್ರವಾಹ ಹರಿಯುತ್ತಿದ್ದರೆ ಅದರೊಳಗಿನ ನೀರು ಒಡೆದು ಜಲಜನಕವೂ ಆಮ್ಲಜನಕವೂ ಹೊರಬೀಳುತ್ತವೆ. ಒಂದು ಆಂಪೇರು ಒಂದು ಗಂಟೆ ಹರಿದರೆ ಪ್ರತಿಯೊಂದು ಕೋಶವೂ ಸುಮಾರು 0.42 ಲೀಟರು ಜಲಜನಕವನ್ನು ಕೊಡುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ 6 ಕೋಶಗಳು. ಚಾರ್ಜು ಮಾಡುವ ಯಂತ್ರ ಕೆಟ್ಟು 5 ಆಂಪೇರು ಹರಿಯುತ್ತಲೇ ಇದ್ದರೆ ಗಂಟೆಗೆ 12 ಲೀಟರಿಗೂ ಮೇಲೆ ಜಲಜನಕ ಹುಟ್ಟುತ್ತದೆ. ಗಾಳಿಯಲ್ಲಿ ಜಲಜನಕ ನೂರಕ್ಕೆ 4 ಭಾಗ ಸೇರಿದರೆ ಒಂದು ಕಿಡಿ ತಾಗಿದರೂ ಹೊತ್ತಿಕೊಳ್ಳುವುದು. 300 ಲೀಟರು ಹಿಡಿಯುವ ಮುಚ್ಚಿದ ಗೂಡಿನಲ್ಲಿ 4 ಭಾಗವೆಂದರೆ 12 ಲೀಟರು. ಒಂದು ಗಂಟೆಯ ಕೆಲಸ! ಬ್ಯಾಟರಿಯಿರುವಲ್ಲಿ ಗಾಳಿಯಾಡಬೇಕು, ಅದರ ಬಳಿ ದೀಪ ಹಚ್ಚಬಾರದು ಎಂಬ ನಿಯಮಗಳ ಹಿಂದಿರುವ ಲೆಕ್ಕ ಇದೇ.

ಹೊಗೆಯ ದಾರಿ

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ ಬೆಂಕಿ ಹತ್ತಿತು. ವಿದ್ಯುತ್ ತಂತಿಗಳು ಹಾದುಹೋಗುವ ಡಕ್ಟಿನಿಂದ ಎದ್ದ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರುಕಟ್ಟಿ ದಿಕ್ಕುಗಾಣದ ಜನ ಗಾಜು ಒಡೆದು ಕೆಳಕ್ಕೆ ಹಾರಿದರು. 9 ಮಂದಿ ಸತ್ತರು. ಅವರೆಲ್ಲ ಬೆಳಿಗ್ಗೆ ಎಂದಿನಂತೆ ನೆರಳಿನ ಕೆಲಸಕ್ಕೆಂದು ಮನೆಬಿಟ್ಟು ಹೊರಟವರು.

ಇಲ್ಲಿ ಗಮನಿಸಬೇಕಾದುದು ಹೊಗೆಯ ನಡೆ. ಬಿಸಿಗಾಳಿ ಹಗುರ; ಎತ್ತರವಾದ ಕಿರಿದಾದ ದಾರಿ ಸಿಕ್ಕಿದರೆ ಅದು ಹೊಗೆಗೂಡಿನಲ್ಲಿ ಏರುವಂತೆ ರಭಸದಿಂದ ಏರುತ್ತದೆ. ಮೆಟ್ಟಿಲಿನ ಓಣಿಯೂ ಅಂಥದೊಂದು ಹೊಗೆಗೂಡೇ. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡು ರಕ್ತದ ಹಿಮೊಗ್ಲಾಬಿನ್ನನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅನೇಕ ಸಲ ಜ್ವಾಲೆ ತಾಗುವ ಮೊದಲೇ ಪ್ರಾಣ ಹೋಗುವುದು ಇದರಿಂದ.

ಈಗ ಕಚೇರಿಯಾಗಿ ಮಾರ್ಪಟ್ಟ ಮನೆಯನ್ನು ಮತ್ತೆ ನೋಡಿ. ಮೇಲಕ್ಕೆ ಇರುವುದು ಒಂದೇ ಮೆಟ್ಟಿಲು. ಅದರ ಬುಡದಲ್ಲಿ ಕರೆಂಟಿನ ಮೀಟರುಗಳು, ಯು. ಪಿ. ಎಸ್. ಬ್ಯಾಟರಿ, ಖಾಲಿ ರಟ್ಟಿನ ಪೆಟ್ಟಿಗೆಗಳು. ಕಿಟಕಿಗಳಿಗೆಲ್ಲ ಕಳ್ಳರ ಭಯದಿಂದ ಕಬ್ಬಿಣದ ಸರಳು. ತಾರಸಿಯ ಬಾಗಿಲಿಗೆ ಬೀಗ. ಬೀಗದ ಕೈ ಮನೆಯ ಯಜಮಾನರ ಬಳಿ. ಬೆಂಕಿ ಹುಟ್ಟಬಲ್ಲ ಜಾಗವೂ ಪಾರಾಗಬೇಕಾದ ದಾರಿಯೂ ಒಂದೇ ಆಗಿದೆ! ಕಳ್ಳನನ್ನು ಹೊರಗಿಡುವ ಸರಳು ನಮ್ಮನ್ನು ಒಳಗಿಡುತ್ತದೆ. ಮೆಟ್ಟಿಲಡಿಯ ಸಾಮಾನು ತೆಗೆಯುವುದು, ಒಂದು ಕಿಟಕಿಯ ಸರಳಾದರೂ ಒಳಗಿನಿಂದ ತೆರೆಯುವಂತಿರುವುದು, ತಾರಸಿಯ ಬೀಗದ ಕೈ ಬಾಗಿಲ ಬಳಿಯೇ ತೂಗುವುದು, ಇವಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಹೊಗೆ ಕಂಡರೆ ನೆಲದ ಹತ್ತಿರ ಬಗ್ಗಿ ನಡೆಯಬೇಕು, ಲಿಫ್ಟನ್ನು ಬಳಸಬಾರದು, 101 ಅಥವಾ 112ಕ್ಕೆ ಕರೆಮಾಡಬೇಕು ಎಂಬುದನ್ನು ಕಚೇರಿಯ ಪ್ರತಿಯೊಬ್ಬರೂ ತಿಳಿದಿರಬೇಕು.

ಬೆನ್ನು, ಕಣ್ಣು, ಮನಸ್ಸು

ತುಂಬಿದ ಕೊಡವನ್ನು ತಲೆಯ ಮೇಲೆ ನೆಟ್ಟಗೆ ಹೊತ್ತ ಹೆಂಗಸು ಮೈಲಿಗಟ್ಟಲೆ ನಡೆಯಬಲ್ಲಳು. ಅದನ್ನೇ ಚಾಚಿದ ತೋಳಿನಲ್ಲಿ ಹಿಡಿದರೆ ಅರೆನಿಮಿಷವೂ ಕಷ್ಟ. ಸುಮಾರು 5 ಕಿಲೋಗ್ರಾಂ ತೂಗುವ ನಮ್ಮ ತಲೆಯದೂ ಇದೇ ಕಥೆ. ನೆಟ್ಟಗಿದ್ದರೆ ಬೆನ್ನೆಲುಬು ಅದನ್ನು ಹೊರುತ್ತದೆ; ಮುಂದಕ್ಕೆ ಬಾಗಿದರೆ ಕತ್ತಿನ ಸ್ನಾಯುಗಳು ಸನ್ನೆಕೋಲಿನ ನಿಯಮದಂತೆ ಹಲವು ಪಟ್ಟು ಜಗ್ಗಬೇಕು. ಬಿಗಿದೇ ಇರುವ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ಅದುಮುವುದರಿಂದ ನೋವು ತೊಡಗುತ್ತದೆ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಗಳೂ ಒಂದಕ್ಕೊಂದು ಅಂಟಿಕೊಂಡಿರುವುದೇ ತೊಡಕು. ಕೈಗೆ ಸರಿಯಾದರೆ ಕತ್ತು ಬಾಗುತ್ತದೆ, ಕಣ್ಣಿಗೆ ಸರಿಯಾದರೆ ತೋಳು ಏರುತ್ತದೆ. ಅದನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲಿರಿಸಿ, ಬೇರೊಂದು ಕೀಲಿಮಣೆಯನ್ನು ಬಳಸಿದರೆ ಎರಡೂ ಸರಿಹೋಗುತ್ತವೆ.

ಹತ್ತಿರದ ವಸ್ತುವನ್ನು ನೋಡುವಾಗ ಕಣ್ಣಿನೊಳಗಿನ ಸ್ನಾಯು ಬಿಗಿದು ಮಸೂರವನ್ನು ಉಬ್ಬಿಸುತ್ತದೆ. ಪರದೆಯನ್ನು ದಿಟ್ಟಿಸುವಾಗ ನಾವು ಎವೆಯಿಕ್ಕುವುದೂ ಕಡಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ, 20 ಅಡಿಗೂ ಆಚೆಗಿನದನ್ನು, 20 ಸೆಕೆಂಡು ನೋಡಬೇಕೆಂಬ ಸೂತ್ರ ಇದಕ್ಕಾಗಿಯೇ ಹುಟ್ಟಿತು. ಜಯನಗರದ ಸಾಲುಮರಗಳು ಕಿಟಕಿಯಾಚೆ ಕಾಣುವವರಿಗೆ ಅದೇನೂ ಕಷ್ಟವಲ್ಲ.

ಮನೆಯಿಂದ ದುಡಿಯುವವರಿಗೆ ಇನ್ನೊಂದು ಸಂಕಟವುಂಟು. ಕೆಲಸ ಮುಗಿಯಿತೆಂದು ಹೇಳುವ ಗಂಟೆ ಅಲ್ಲಿ ಬಾರಿಸುವುದಿಲ್ಲ. ಇಂದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವೆಂಬ ಹೆಸರಿರುವ 1961ರ ಶಾಸನ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಹಾಕಿತು. ದಣಿವಿಗೆ ಮಿತಿಯುಂಟೆಂಬ ತಿಳಿವಳಿಕೆ ಅದರಲ್ಲಿದೆ. ಬಿ. ಟಿ. ಎಂ. ಬಡಾವಣೆಗೆ ದೂರವಲ್ಲದ ನಿಮ್ಹಾನ್ಸ್ ಸಂಸ್ಥೆಯಲ್ಲಿ ಯಂತ್ರಗಳ ಅತಿಬಳಕೆಯಿಂದ ನರಳುವವರಿಗೆಂದೇ 2014ರಲ್ಲಿ ಒಂದು ಚಿಕಿತ್ಸಾಲಯ ತೊಡಗಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆಮಾಡಿ, ಮನಸ್ಸಿನ ಕಷ್ಟವನ್ನು ಯಾರೂ ಹೇಳಿಕೊಳ್ಳಬಹುದು.

ರೋಗಿಯನ್ನು ಕೇಳುವ ಪ್ರಶ್ನೆಗಳೊಡನೆ ‘ನಿನ್ನ ಕಸುಬೇನು?’ ಎಂಬುದನ್ನೂ ಕೇಳಬೇಕೆಂದು ರಾಮಾಜ್ಜಿನಿ ವೈದ್ಯರಿಗೆ ಬುದ್ಧಿ ಹೇಳಿದ್ದನು. ಇಂದು ಅದಕ್ಕೆ ‘ಎಲ್ಲಿ ಕುಳಿತು ಮಾಡುತ್ತೀರಿ?’ ಎಂಬುದನ್ನೂ ಸೇರಿಸಬೇಕಾಗಿದೆ. ಓದುಗರಲ್ಲಿ ಹಲವರು ನಾಳೆ ಇಂಥ ಕಚೇರಿಗಳನ್ನೇ ಸೇರುವವರು; ಕೆಲವರು ತಾವೇ ತೆರೆಯುವವರು. ಮೊದಲ ದಿನವೇ ಕಿಟಕಿ ತೆರೆಯುವುದೇ, ಪ್ಲಗ್ಗು ಬಿಸಿಯೇ, ಮೆಟ್ಟಿಲು ಬರಿದಾಗಿದೆಯೇ ಎಂದು ನೋಡಿಕೊಳ್ಳುವುದಕ್ಕೆ ಹತ್ತು ನಿಮಿಷ ಸಾಕು.