ನಲ್ಲಿಯ ಹಕ್ಕಳೆ, ಗೋಡೆಯ ಕಲ್ಲು

ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿಯ ಬಾಯಿಗೆ, ಶವರಿನ ತೂತುಗಳಿಗೆ ಬಿಳಿ ಹಕ್ಕಳೆ ಕಟ್ಟುತ್ತದೆ. ಹೊಸದಾಗಿದ್ದಾಗ ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ನಾಲ್ಕು ದಿನ ಬಿಟ್ಟರೆ ಚಾಕುವಿಗೂ ಬಗ್ಗುವುದಿಲ್ಲ. ಆಗ ಬಾಟಲಿ ಆಸಿಡ್ ಹೊರಬರುತ್ತದೆ. ಸುರಿದೊಡನೆ ಬುಸ್ಸೆಂದು ನೊರೆ ಉಕ್ಕಿ, ಹಕ್ಕಳೆ ಕರಗಿ, ನಲ್ಲಿ ಮತ್ತೆ ಹೊಳೆಯುತ್ತದೆ. ಅದೇ ಬಚ್ಚಲಿನ ಗೋಡೆಗೆ ಟ್ರಾವರ್ಟೈನ್ ಹೊದಿಸಿದ್ದರೆ ಕಥೆ ಬೇರೆ. ಹಕ್ಕಳೆ ಯಾವುದು, ಗೋಡೆ ಯಾವುದು ಎಂದು ಆಸಿಡ್‌ಗೆ ತಿಳಿಯುವುದಿಲ್ಲ, ಏಕೆಂದರೆ ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಸುಣ್ಣ ತುಂಬಿದ ನೆಲದಡಿಯ ನೀರು ಮೇಲೆ ಬಂದು, ಅದರಲ್ಲಿ ಕರಗಿದ್ದ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಹಾರಿಹೋದಾಗ ಸುಣ್ಣದ ಅಂಶ ಪದರಪದರವಾಗಿ ಕೂರುತ್ತದೆ. ಬಿಸಿನೀರಿನ ಬುಗ್ಗೆಗಳ ಸುತ್ತ ಸಾವಿರಾರು ವರ್ಷ ಹೀಗೆ ಕೂತದ್ದು ಟ್ರಾವರ್ಟೈನ್. ನಮ್ಮ ನಲ್ಲಿಗೆ ಆರು ತಿಂಗಳಿಂದ ಅಂಟಿಕೊಂಡದ್ದು ಅದರ ಕೂಸು ಎನ್ನಬಹುದು. ಕಲ್ಲಿನ ಮೈಯಲ್ಲಿ ಕಾಣುವ ಸಣ್ಣ ದೊಡ್ಡ ತೂತುಗಳು ಕೂಡ ಹಾಗೆ ಕಟ್ಟುವಾಗ ಅನಿಲದ ಗುಳ್ಳೆಗಳು, ಪಾಚಿ, ಹುಲ್ಲುಕಡ್ಡಿಗಳು ಬಿಟ್ಟುಹೋದ ಜಾಗಗಳೇ.

ರೋಮ್‌ನಿಂದ ಸುಮಾರು 30 ಕಿಲೋಮೀಟರ್ ಪೂರ್ವಕ್ಕಿರುವ ತಿವೋಲಿ ಈ ಕಲ್ಲಿನ ತವರು. ಊರಿನ ಹಳೆಯ ಹೆಸರು ತಿಬುರ್, ಆ ಹೆಸರೇ ಉಚ್ಚಾರಣೆಯಲ್ಲಿ ಸವೆಯುತ್ತ ಟ್ರಾವರ್ಟೈನ್ ಆಯಿತು. ಟರ್ಕಿಯ ಪಾಮುಕ್ಕಲೆಯ ಬಿಳಿ ಮೆಟ್ಟಿಲುಕೊಳಗಳಲ್ಲಿ ಇದು ಕಟ್ಟುವುದನ್ನು ಇಂದಿಗೂ ಕಣ್ಣಾರೆ ನೋಡಬಹುದು. ಇಟಲಿ, ಟರ್ಕಿ, ಇರಾನ್‌ಗಳ ಗಣಿಗಳಿಂದ ಹಡಗೇರಿ ಬಂದ ಕಲ್ಲು ಈಗ ಬೆಂಗಳೂರಿನ ವಿಲ್ಲಾಗಳ ಹಜಾರ, ಬಚ್ಚಲು, ದೇವರಮನೆಗಳನ್ನು ಸೇರಿದೆ. ಹಾಕಿಸಿ ಎರಡು ಮೂರು ವರ್ಷವಾಗುವಷ್ಟರಲ್ಲಿ ಕಲ್ಲು ಮಂಕಾಯಿತು, ಮುಪ್ಪಾಯಿತು, ಪಾಲಿಶ್ ಮಾಡಿಸಬೇಕು ಎಂಬ ಮಾತು ಶುರುವಾಗುತ್ತದೆ. ಆದರೆ ಅದು ಬಹುಪಾಲು ಮುಪ್ಪಲ್ಲ. ಒರೆಸಿ, ತೊಳೆದು, ಉಜ್ಜಿ ನಾವೇ ಮಾಡಿದ ಗಾಯ. ಮೊದಲು ನಿಲ್ಲಬೇಕಾದದ್ದು ಗಾಯ ಮಾಡುವ ಕೈ, ಪಾಲಿಶ್ ಮೆಷಿನ್ನಿನ ಸರದಿ ಕೊನೆಯದು.

ತಪ್ಪಿನ ಬೇರು ನಮ್ಮ ರೂಢಿಯಲ್ಲಿದೆ. ಹಳೆ ಮೈಸೂರು ಸೀಮೆಯಲ್ಲಿ ಕಲ್ಲು ಅಂದರೆ ಕಗ್ಗಲ್ಲು, ಗ್ರಾನೈಟ್. ಒರಳು, ಚಪ್ಪಡಿ, ಬಟ್ಟೆ ಒಗೆಯುವ ಕಲ್ಲು, ಇಂದಿನ ಅಡುಗೆಕಟ್ಟೆ, ಎಲ್ಲವೂ ಅದೇ ಜಾತಿ. ಅದರ ಮೇಲೆ ಹುಣಸೆರಸ ಚೆಲ್ಲಿದರೂ ನಿಂಬೆಹೋಳು ರಾತ್ರಿಯಿಡೀ ಕೂತರೂ ಏನೂ ಆಗದು. ಹೀಗಾಗಿ ಕಲ್ಲಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ನಮ್ಮ ಕೈಗಳಿಗೇ ಹತ್ತಿಬಿಟ್ಟಿದೆ. ಟ್ರಾವರ್ಟೈನ್ ಆ ಜಾತಿಯದಲ್ಲ. ಕಾಠಿಣ್ಯದ ಮೋಸ್ ಅಳತೆಯಲ್ಲಿ ಅದರ ಖನಿಜಕ್ಕೆ 3, ಚಪ್ಪಲಿಗೆ ಅಂಟಿ ಬರುವ ಮರಳಿಗೆ 7. ಅಂದರೆ ಬಾಗಿಲಲ್ಲಿ ಕಾಲೊರಸು ಇಲ್ಲದ ಮನೆಯಲ್ಲಿ ದಿನವೂ ಉಪ್ಪುಕಾಗದ ತಿಕ್ಕಿದಂತೆಯೇ. ಇನ್ನು ಹುಳಿಯ ವಿಷಯದಲ್ಲಿ ನಮ್ಮಷ್ಟು ಅಪಾಯಕಾರಿ ಅಡುಗೆಮನೆ ಈ ಕಲ್ಲಿಗೆ ಬೇರೆಲ್ಲೂ ಸಿಗಲಿಕ್ಕಿಲ್ಲ: ಹುಣಸೆ, ನಿಂಬೆ, ಮಜ್ಜಿಗೆ, ಟೊಮೆಟೊ, ಕರಾವಳಿಯಾದರೆ ಪುನರ್ಪುಳಿ. ದೇವರಮನೆಯ ಸ್ಥಿತಿ ಇನ್ನೂ ನಾಜೂಕು. ಪಂಚಾಮೃತದ ಮೊಸರು ಅಲ್ಲೇ ಹರಿಯುತ್ತದೆ, ದೀಪದ ಎಣ್ಣೆ ಅಲ್ಲೇ ಇಂಗುತ್ತದೆ, ಹುಣಸೆಹುಳಿ ಹಚ್ಚಿ ತಿಕ್ಕಿದ ಹಿತ್ತಾಳೆ ತಂಬಿಗೆಯನ್ನು ಒರೆಸದೆ ಅಲ್ಲೇ ಇಡುತ್ತೇವೆ. ಎತ್ತಿದಾಗ ಅದರ ತಳದ ಅಳತೆಗೆ ಸರಿಯಾಗಿ ಒಂದು ಮಂಕು ಬಳೆ ಕಲ್ಲಿನ ಮೇಲೆ ಉಳಿದಿರುತ್ತದೆ.

ಆ ಬಳೆಯನ್ನು ಕಲೆ ಎಂದುಕೊಳ್ಳುವುದು ಎರಡನೆಯ ತಪ್ಪು. ಹೊರಗಿನ ಬಣ್ಣವೋ ಜಿಡ್ಡೋ ಕಲ್ಲಿನೊಳಗೆ ಇಳಿದರೆ ಅದು ಕಲೆ, ಮೇಲಿಂದ ನೋಡಿದರೆ ಕಪ್ಪಗೆ ಕಾಣುತ್ತದೆ. ಇಲ್ಲಿ ಆದದ್ದು ಬೇರೆ. ಹುಳಿ ಕಲ್ಲಿನ ಮೇಲ್ಮೈಯನ್ನು ಕೂದಲೆಳೆಗಿಂತ ತೆಳುವಾಗಿ ತಿಂದಿದೆ, ಅಲ್ಲಿ ಬೆಳಕು ಸರಿಯಾಗಿ ಪ್ರತಿಫಲಿಸುತ್ತಿಲ್ಲ, ಅಷ್ಟೇ. ನೆಲಕ್ಕೆ ಕಣ್ಣು ತಗ್ಗಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಒಳಗೆ ಏನೂ ಇಳಿದಿಲ್ಲದಿರುವಾಗ ತೊಳೆದು ತೆಗೆಯುವುದೇನನ್ನು? ಆದರೂ ಹೋಗಲಿಲ್ಲವೆಂದು ಇನ್ನಷ್ಟು ಖಾರದ ದ್ರಾವಣ ಸುರಿಯುತ್ತೇವೆ, ಬಳೆಯಷ್ಟಿದ್ದದ್ದು ತಟ್ಟೆಯಷ್ಟಾಗುತ್ತದೆ. (ಇದೇ ಹುರುಪಿನಲ್ಲಿ ಆಸಿಡ್ ಜೊತೆ ಬ್ಲೀಚಿಂಗ್ ಪುಡಿ ಬೆರೆಸುವವರೂ ಇದ್ದಾರೆ. ಅದರಿಂದ ಏಳುವುದು ಕ್ಲೋರಿನ್ ಅನಿಲ. ಆಗ ಪ್ರಶ್ನೆ ಕಲ್ಲಿನದಲ್ಲ, ಪ್ರಾಣದ್ದು.)

ರೋಮ್‌ನ ಕೊಲೋಸಿಯಂ ಕಟ್ಟಿದ್ದೂ ಇದೇ ಕಲ್ಲಿನಲ್ಲಿ, ಕ್ರಿ.ಶ. 80ರಲ್ಲಿ ತೆರೆದ ಅದು ಇನ್ನೂ ನಿಂತಿದೆ, ಹಾಗಿರುವಾಗ ಒಂದು ನಿಂಬೆಹೋಳಿಗೆ ಇಷ್ಟು ಹೆದರಬೇಕೇ ಎಂದು ಕೇಳಬಹುದು. ಕೇಳುವಂಥ ಪ್ರಶ್ನೆಯೇ. ಆದರೆ ಅಲ್ಲಿರುವುದು ಆಳೆತ್ತರದ ದಿಮ್ಮಿಗಳು. ಮಳೆ ನಾಲ್ಕು ಮಿಲಿಮೀಟರ್ ತಿಂದರೂ ಯಾರಿಗೂ ತಿಳಿಯದು. ಮಧ್ಯಯುಗದಲ್ಲಿ ಕಲ್ಲುಗಳ ನಡುವಿನ ಕಬ್ಬಿಣದ ಕೊಂಡಿಗಳನ್ನು ಜನ ಕಿತ್ತೊಯ್ದರು, ಆ ಗುಂಡಿಗಳನ್ನೂ ಹೊತ್ತುಕೊಂಡೇ ಕಟ್ಟಡ ನಿಂತಿದೆ. ನಮ್ಮ ಮನೆಯ ಕಲ್ಲು ಒಂದೆರಡು ಸೆಂಟಿಮೀಟರ್ ದಪ್ಪದ ಹಲಗೆ, ಅದರಲ್ಲೂ ನಾವು ದುಡ್ಡು ಕೊಟ್ಟದ್ದು ಮೇಲಿನ ನುಣುಪಿಗೆ. ಹೋಗುವುದು ಕಲ್ಲಲ್ಲ, ಆ ನುಣುಪು. ಕೊಲೋಸಿಯಂನಿಂದ ಕಲಿಯುವುದಾದರೆ ಬೇರೆ ಪಾಠವಿದೆ. ವಾಹನಗಳ ಹೊಗೆಯಿಂದ ಕಪ್ಪಾಗಿದ್ದ ಅದರ ಹೊರಮೈಯನ್ನು ಶುದ್ಧಮಾಡುವ ಕೆಲಸ 2016ರಲ್ಲಿ ಮುಗಿಯಿತು. ಅಲ್ಲಿ ಬಳಸಿದ್ದು ರಾಸಾಯನಿಕವನ್ನಲ್ಲ, ಸಣ್ಣ ತುಂತುರಾಗಿ ಸಿಂಪಡಿಸಿದ ನೀರನ್ನು. ಕೊಳೆ ಮೆತ್ತಗಾಗುವವರೆಗೆ ಕಾದು, ಆಮೇಲೆ ಬ್ರಷ್ ಮುಟ್ಟಿಸಿದರು.

ಸೀಲರ್ ಹಚ್ಚಿಸಿದರೆ ಚಿಂತೆಯಿಲ್ಲ ಎಂಬುದು ಅಂಗಡಿಯವರ ಮಾತು, ಅರ್ಧ ಮಾತ್ರ ನಿಜ. ಕಲ್ಲಿನೊಳಗೆ ಇಳಿಯುವ ಬಗೆಯ ಸೀಲರ್ ಸೂಕ್ಷ್ಮರಂಧ್ರಗಳಿಗೆ ಒಳಪೊರೆಯಾಗಿ ನಿಂತು ಎಣ್ಣೆ, ಕಾಫಿ ಇಂಗುವುದನ್ನು ನಿಧಾನ ಮಾಡುತ್ತದೆ, ಒರೆಸಲು ನಮಗೆ ಹೊತ್ತು ಸಿಗುತ್ತದೆ. ಹುಳಿಯಿಂದ ಅದು ಕಾಪಾಡದು, ಏಕೆಂದರೆ ಹುಳಿ ತಿನ್ನುವುದು ಮೇಲ್ಮೈಯನ್ನು, ಸೀಲರ್ ಇರುವುದು ಒಳಗೆ. ವಾರ್ನಿಷ್‌ನಂತೆ ಮೇಲೆ ಕೂರುವ ಕೋಟಿಂಗ್ ಹುಳಿಯನ್ನು ತಡೆಯುತ್ತದೆ, ನಿಜ. ಆದರೆ ನಡೆದಾಡುವಲ್ಲಿ ಗೀರು ಬಿದ್ದು, ಕೆಲವು ಹಳದಿಗಟ್ಟಿ, ಅಡಿಯಿಂದ ಬಂದ ತೇವ ಹೊರಹೋಗದೆ ಹಪ್ಪಳದಂತೆ ಏಳುತ್ತದೆ. ಬಚ್ಚಲಲ್ಲಂತೂ ಬೇಡವೇ ಬೇಡ. ಸೀಲರ್ ಮತ್ತೆ ಬೇಕೋ ಇಲ್ಲವೋ ಎಂದು ತಿಳಿಯಲು ಯಾರನ್ನೂ ಕರೆಸಬೇಕಿಲ್ಲ. ಕಲ್ಲಿನ ಮೇಲೆ ಒಂದು ಚಮಚ ನೀರು ಬಿಟ್ಟು ಹತ್ತು ನಿಮಿಷ ಬಿಟ್ಟು ಒರೆಸಿ. ಜಾಗ ಕಪ್ಪಾಗಿದ್ದರೆ ಬೇಕು, ಇಲ್ಲದಿದ್ದರೆ ಆ ದುಡ್ಡು ಉಳಿಯಿತು.

ನಮ್ಮಜ್ಜಂದಿರ ಕಾಲದ ಶಹಾಬಾದ್ ಕಲ್ಲೂ ಸುಣ್ಣದ ಕಲ್ಲೇ ಅಲ್ಲವೇ, ಅದಕ್ಕೆ ಯಾರು ಸೀಲರ್ ಹಚ್ಚಿದ್ದರು ಎಂಬ ಆಕ್ಷೇಪವೂ ಇದೆ. ಕಲಬುರಗಿ ಸೀಮೆಯ ಆ ಫರಸಿ ಸುಣ್ಣದ ಕಲ್ಲೇ, ಕಡಪ ಕಲ್ಲೂ ಅಷ್ಟೇ. ಆದರೆ ಅವು ಟ್ರಾವರ್ಟೈನ್‌ಗಿಂತ ಒತ್ತಾದ ಕಲ್ಲುಗಳು, ತೂತುಗಳಿಲ್ಲ. ಅದಕ್ಕಿಂತ ದೊಡ್ಡ ಕಾರಣ, ಆ ಮನೆಗಳಲ್ಲಿ ಫರಸಿಯನ್ನು ಒರಟಾಗಿಯೇ ಹಾಸುತ್ತಿದ್ದರು. ಕಳೆದುಕೊಳ್ಳಲು ಅದಕ್ಕೆ ಹೊಳಪೇ ಇರಲಿಲ್ಲ. ತೊಳೆಯುತ್ತಿದ್ದದ್ದೂ ಬರೀ ನೀರಿನಲ್ಲಿ.

ಇದರಲ್ಲೇ ದುರಸ್ತಿಯ ಸುಳಿವೂ ಇದೆ. ನುರಿತ ಪಾಲಿಶ್ ಕೆಲಸದವರು ವಜ್ರದ ಪುಡಿ ಕೂಡಿಸಿದ ಪ್ಯಾಡುಗಳನ್ನು ನೀರು ಬಿಟ್ಟುಕೊಂಡು ಓಡಿಸುತ್ತಾರೆ: ಗಾಯ ಆಳವಿದ್ದರೆ 100ನೇ ನಂಬರಿನಿಂದ, ಮೇಲುಮೇಲಿನದಾದರೆ 200ರಿಂದ ಶುರು, ಆಮೇಲೆ 400, 800, ಹೀಗೆ ಮೇಲಕ್ಕೆ. ಒಂದು ನಂಬರ್ ಹಾರಿಸಿದರೆ ಹಿಂದಿನದರ ಗೀರು ಹೊಳಪಿನಡಿ ಉಳಿದು ಸಂಜೆಯ ಬಿಸಿಲಿಗೆ ಎದ್ದು ಕಾಣುತ್ತದೆ. ಮನೆಯವರು ಕೇಳುವುದು ಕನ್ನಡಿ ಹೊಳಪು, ಅಂದರೆ 3000ದವರೆಗೆ. ಓಡಾಡುವ ನೆಲವಾದರೆ 400, 800ರಲ್ಲಿ ನಿಲ್ಲಿಸುವುದೇ ಜಾಣತನ ಎಂದು ನನ್ನ ಅನಿಸಿಕೆ. ಮಂಕು ನುಣುಪಿನ ಮೇಲೆ ಹುಳಿಯ ಗುರುತು ಬಿದ್ದರೂ ಸುತ್ತಲಿನೊಂದಿಗೆ ಬೆರೆತುಹೋಗುತ್ತದೆ. ಕನ್ನಡಿಯ ಮೇಲೆ ಪ್ರತಿ ಹನಿಯೂ ಸಾಕ್ಷಿ ಹೇಳುತ್ತದೆ. ಮೊಸಾಯಿಕ್ ನೆಲಕ್ಕೆ ಬಳಸುವ ಆಕ್ಸಾಲಿಕ್ ಪುಡಿಯನ್ನೇ ತಂದು ತಿಕ್ಕಿ ದಿಢೀರ್ ಹೊಳಪು ಬರಿಸುವವರಿದ್ದಾರೆ. ಅದೂ ಆಸಿಡ್ಡೇ, ಅಳತೆ ತಪ್ಪಿದರೆ ಕಲ್ಲು ಸುಡುತ್ತದೆ. ತೂತುಗಳ ಮಾತು ಬೇರೆ. ಕಾರ್ಖಾನೆಯಲ್ಲಿ ತುಂಬಿದ ಸಿಮೆಂಟೋ ರೆಸಿನ್ನೋ ಕುರ್ಚಿಯ ಕಾಲು ಎಳೆದಾಡುವಲ್ಲಿ ಉದುರುತ್ತದೆ, ನೆಲದಲ್ಲಿ ಕೂಡಲೇ ತುಂಬಿಸಬೇಕು, ಇಲ್ಲದಿದ್ದರೆ ಅಂಚು ಮುರಿದು ದೊಡ್ಡದಾಗುತ್ತದೆ. ಬರೀ ವೈಟ್ ಸಿಮೆಂಟ್ ಮೆತ್ತಿದರೆ ಜೇನುಬಣ್ಣದ ಕಲ್ಲಿನ ಮೇಲೆ ಕೊಕ್ಕರೆ ಕೂತಂತೆ ಕಾಣುತ್ತದೆ, ಬಣ್ಣ ಹೊಂದಿಸಿಕೊಳ್ಳಬೇಕು. ಗೋಡೆಯ ತೂತುಗಳನ್ನು ಬಿಟ್ಟರೂ ನಷ್ಟವಿಲ್ಲ. ಲಾಸ್ ಏಂಜಲೀಸ್‌ನಲ್ಲಿ 1997ರಲ್ಲಿ ತೆರೆದ ಗೆಟ್ಟಿ ಸೆಂಟರ್‌ಗೆ ಇಟಲಿಯಿಂದ 16,000 ಟನ್ ಟ್ರಾವರ್ಟೈನ್ ತರಿಸಿದರು, ಅಲ್ಲಿನ ಗೋಡೆಗಳಲ್ಲಿ ಕಲ್ಲನ್ನು ಸೀಳಿದ ಒರಟು ಮೈಯನ್ನೇ ಹೊರಗೆ ತೋರಿಸಿದ್ದಾರೆ.

ಇಷ್ಟು ಉಪಚಾರ ಬೇಡುವ ಕಲ್ಲು ಏಕೆ, ವಿಟ್ರಿಫೈಡ್ ಟೈಲ್ಸ್ ಹಾಕಿದರಾಯಿತಲ್ಲ? ಹಾಕಬಹುದು. ಹುಳಿ ಜೋರಾಗಿರುವ ಅಡುಗೆಕಟ್ಟೆಗೆ ನಾನೂ ಅದನ್ನೋ ಗ್ರಾನೈಟನ್ನೋ ಹೇಳುತ್ತೇನೆ. ಆದರೆ ಟೈಲ್ಸಿನ ಚಿತ್ರ ಸವೆದರೆ ಮುಗಿಯಿತು, ಟ್ರಾವರ್ಟೈನ್ ಮೇಲೂ ಕೆಳಗೂ ಒಂದೇ ಕಲ್ಲು, ಮತ್ತೆ ಮತ್ತೆ ಸಾಣೆ ಹಿಡಿಯಬಹುದು. ದಿನದ ಉಪಚಾರವೂ ಕಡಿಮೆಯೇ: ಒಣ ಮಾಪಿನಲ್ಲಿ ದೂಳು ತೆಗೆಯುವುದು, ಹುಳಿಯೂ ಕ್ಷಾರವೂ ಅಲ್ಲದ ಸೋಪಿನ ನೀರಿನಲ್ಲಿ ಒರೆಸುವುದು, ಸ್ನಾನವಾದ ಮೇಲೆ ಗೋಡೆಯ ನೀರನ್ನು ವೈಪರಿನಿಂದ ಎಳೆದುಬಿಡುವುದು. ನೀರು ನಿಲ್ಲದಿದ್ದರೆ ಹಕ್ಕಳೆ ಕಟ್ಟುವುದಿಲ್ಲ, ಹಕ್ಕಳೆ ಇಲ್ಲದಿದ್ದರೆ ಆಸಿಡ್ ಬಾಟಲಿಗೆ ಕೆಲಸವಿಲ್ಲ. ಎಣ್ಣೆ ಇಂಗಿದ್ದರೆ ಸೀಮೆಸುಣ್ಣದ ಪುಡಿಯನ್ನು ಅಸಿಟೋನ್‌ನಲ್ಲಿ ಕಲಸಿ ಮೆತ್ತಿ, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟರೆ ಪುಡಿ ಜಿಡ್ಡನ್ನು ಹೀರಿಕೊಳ್ಳುತ್ತದೆ. ಕಾಫಿ, ಅರಿಸಿನಕ್ಕೆ ಅಸಿಟೋನ್ ಬದಲು ಹೈಡ್ರೋಜನ್ ಪೆರಾಕ್ಸೈಡ್. ಅರಿಸಿನದ ವಿಷಯದಲ್ಲಿ ಮಾತ್ರ ಒಂದು ಎಚ್ಚರ. ಬಟ್ಟೆ ಸೋಪು ತಾಗಿದೊಡನೆ ಹಳದಿ ಕಲೆ ಕೆಂಪಾಗುತ್ತದೆ, ಆರತಿಯ ನೀರಿಗೆ ಅರಿಸಿನದ ಜೊತೆ ಸುಣ್ಣ ಬೆರೆಸಿದಾಗ ಆಗುವಂತೆಯೇ. ಕಲ್ಲು ಕೆಟ್ಟಿತೆಂದು ಗಾಬರಿಯಾಗಿ ನಿಂಬೆಹಣ್ಣು ತಿಕ್ಕಿದರೆ ಕೆಂಪು ಮರಳಿ ಹಳದಿಯಾಗುತ್ತದೆ, ಕೆಲವು ದಿನದ ಬಿಸಿಲಿಗೆ ಆ ಹಳದಿಯೂ ಬಿಳುಚಿಕೊಳ್ಳುತ್ತದೆ. ನಿಂಬೆ ತಿಂದ ಮಂಕು ಮಾತ್ರ ಅಲ್ಲೇ ಇರುತ್ತದೆ.